ಆಪಾಗೆ ಓದಿದ ಕಾದಂಬರಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾಲ್ಕು ವರ್ಷ ನಾನು ಹಗರಿಬೊಮ್ಮನಹಳ್ಳಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ಬಸ್ ನಿಲ್ದಾಣದ ಹತ್ತಿರ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಸಣ್ಣ ಅಂಗಡಿಯೊಂದಿತ್ತು. ಅಲ್ಲಿದ್ದ ಪ್ರೇಮದ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿದವಳು ನಾನೊಬ್ಬಳೇ ಎಂದು ಓಣಿಯ ಹೆಂಗಸರಿಗೆ ಗೊತ್ತಿತ್ತು. ಯಾವುದರಲ್ಲಿ ಕೊನೆಗೆ ಮದುವೆ ಆಗುತ್ತದೆ, ಯಾವುದರಲ್ಲಿ ಹುಡುಗಿ ಸಾಯುತ್ತಾಳೆ, ಯಾವುದನ್ನು ಅತ್ತೆಯ ಎದುರಿಗೆ ಹಿಡಿದು ಕೂರಬಹುದು ಎಂದೆಲ್ಲ ನನ್ನನ್ನೇ ಕೇಳುತ್ತಿದ್ದರು. ನಾನು ಹೇಳಿದ ಪುಸ್ತಕ ತಪ್ಪಿದ್ದಿಲ್ಲ ಎಂಬ ಹೆಸರಿತ್ತು ನನಗೆ. ಆ ಹೆಸರು ನನಗೆ ಬಹಳ ಇಷ್ಟವಾಗಿತ್ತು.

ನಾನು ಬಾಡಿಗೆಗಿದ್ದ ಮನೆಯ ಇನ್ನೊಂದು ಭಾಗದಲ್ಲಿ ಒಂದು ಮುಸ್ಲಿಂ ಕುಟುಂಬವಿತ್ತು. ಗಂಡ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಹೆಂಡತಿ ಕಟ್ಟೆಯ ಮೇಲೆ ಮಷೀನಿಟ್ಟುಕೊಂಡು ಓಣಿಯ ಹೆಂಗಸರ ಜಂಪರ್ ಹೊಲಿಯುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು. ಅವರ ಮನೆಮಾತಿನಲ್ಲಿ ಅಕ್ಕನಿಗೆ ಹೇಳುವಂತೆ ನಾನೂ ಆಪಾ ಎಂದೇ ಕರೆಯುತ್ತಿದ್ದೆ. ಅವರ ಒಬ್ಬಳೇ ಮಗಳು ನನ್ನ ಐದನೆಯ ತರಗತಿಯಲ್ಲಿದ್ದಳು, ತರಗತಿಯಲ್ಲೇ ಎಲ್ಲರಿಗಿಂತ ಚೆನ್ನಾಗಿ ಓದುವ ಹುಡುಗಿ.

ಆಪಾಗೆ ಕನ್ನಡ ಮಾತಾಡಲು ನಮ್ಮಂತೆಯೇ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಹೀಗಾಗಿ ಭಾನುವಾರ ಮಧ್ಯಾಹ್ನ ಅವಳು ಗುಂಡಿ ಹಚ್ಚುತ್ತ ಕೂತರೆ ನಾನು ಪಕ್ಕದಲ್ಲಿ ಕಾದಂಬರಿ ಓದುತ್ತಿದ್ದೆ. ನಾಲ್ಕನೆಯದೋ ಐದನೆಯದೋ ಪುಸ್ತಕ ಮುಗಿದಾಗ ಆಪಾ ದಾರ ಕಡಿದು ಕೇಳಿದಳು.

"ಟೀಚರಮ್ಮ, ಒಂದು ಮಾತು ಕೇಳ್ಲೇನ್ರಿ? ಈ ಪುಸ್ತಕದಾಗ ನಮ್ಮಂಥೋರು ಯಾರೂ ಪ್ರೀತಿ ಮಾಡಂಗಿಲ್ಲೇನು?"

"ಅಂದ್ರ?"

"ಮೊನ್ನಿ ಪುಸ್ತಕದಾಗ ಒಬ್ಬ ಸಾಬ ಬಂದಿದ್ದ, ಕಾರು ಹೊಡಿಯಾಂವ. ಅದರ ಹಿಂದಿಂದ್ರಾಗ ಒಬ್ಬಾಕಿ ಬಂದಿದ್ಲು, ಬಳಿ ಮಾರಾಕಿ. ಯಾರದೋ ಪ್ರೀತಿ ಚೀಟಿ ಕೊಟ್ಟು ಹೋಗಿಬಿಟ್ಲು. ಆಕಿಗೂ ಒಂದು ಮನಸ್ಸು ಇರತೈತಲ್ರಿ?"

ಅಷ್ಟೊಂದು ಪುಸ್ತಕ ಓದಿದ ನನಗೆ ಆವರೆಗೆ ಈ ಪ್ರಶ್ನೆ ಹೊಳೆದಿರಲಿಲ್ಲ. "ಇಲ್ಲ ಆಪಾ, ನನಗ ಸಿಕ್ಕಿಲ್ಲ" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕೇಳಿದ ಪುಸ್ತಕ ಇಲ್ಲ ಎನ್ನುವುದು ನನಗೆ ಅವಮಾನದಂತೆ ಕಂಡಿತು. "ಐತಲ್ಲ! ಮುಂದಿನ ವಾರ ತರ್ತೀನಿ" ಎಂದುಬಿಟ್ಟೆ.

ಅಂಗಡಿಯಲ್ಲಿ ಹುಡುಕಿದೆ. ಸಿಗಲಿಲ್ಲ. ಕೊನೆಗೆ ಯಾವುದೋ ಒಂದನ್ನು ತಂದೆ. ಅದರಲ್ಲಿ ಬೆಂಗಳೂರಿನ ಡಾಕ್ಟರ ಮತ್ತು ವೀಣೆ ನುಡಿಸುವ ಹುಡುಗಿಯ ಪ್ರೇಮವಿತ್ತು. ಓದುವಾಗ ಎಲ್ಲ ಬದಲಿಸಿದೆ. ಹುಡುಗಿಯನ್ನು ಕೊಟ್ಟೂರಿನ ಮೆಕ್ಯಾನಿಕ್ ಒಬ್ಬನ ಮಗಳನ್ನಾಗಿ ಮಾಡಿ, ಆಪಾನ ತಂಗಿಯ ಹೆಸರಿಟ್ಟೆ. ವೀಣೆಯ ಬದಲು ಕೈಗೆ ಕಸೂತಿ ಕೊಟ್ಟೆ. ಹುಡುಗನನ್ನು ಯಾವ ಮನೆಯವನನ್ನಾಗಿ ಮಾಡುವುದೆಂದು ಅಳುಕಿ, ಹಡಗಲಿಯಲ್ಲಿ ಮಲ್ಲಿಗೆ ತೋಟ ಇದ್ದವರ ಮಗ ಎಂದಷ್ಟೇ ಹೇಳಿ ಹೆಸರು ನುಂಗಿದೆ.

ಆಪಾ ಸೂಜಿ ನಿಲ್ಲಿಸಿದಳು. "ನಮ್ಮೋನಲ್ಲ ಅಂತ ಕಾಣತೈತಿ." ಸ್ವಲ್ಪ ಯೋಚಿಸಿ, "ಇರ್ಲಿ, ಓದ್ರಿ" ಎಂದಳು.

ಆರು ಭಾನುವಾರ ಓದಿದೆ. ಎರಡೂ ಮನೆಯವರು ಒಪ್ಪದಿದ್ದಾಗ ಆಪಾ ಗಂಡನಿಗೆ ಚಹಾ ಕೊಡುವುದನ್ನೂ ಮರೆತು ಕೂತಳು. ಮದುವೆಯಾದಾಗ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಆ ನಗೆ ನೋಡಿ ನಾನು ದೊಡ್ಡ ಉಪಕಾರ ಮಾಡಿದೆ ಎಂದುಕೊಂಡೆ.

ಆದರೆ ಆಪಾ ಆ ಕಥೆಯನ್ನು ತನ್ನಲ್ಲೇ ಇಟ್ಟುಕೊಳ್ಳಲಿಲ್ಲ. ಜಂಪರ್ ಅಳತೆ ಕೊಡಲು ಬಂದವರಿಗೆಲ್ಲ ಪುಸ್ತಕದ ಹೆಸರು ಹೇಳಿದಳು. "ನಮ್ಮ ಕೊಟ್ಟೂರು ಹುಡುಗಿ ಅದಾಳ ಅದರಾಗ, ಓದ್ರಿ" ಎಂದು ಶಿಫಾರಸು ಮಾಡಿದಳು. ಹತ್ತು ದಿನವೂ ಆಗಿರಲಿಲ್ಲ, ಒಂದು ಸಂಜೆ ನಾನು ಕಾಯಿಪಲ್ಯದ ಚೀಲ ಹಿಡಿದು ಮನೆಗೆ ಬಂದರೆ ಕಟ್ಟೆಯ ಮೇಲೆ ನಾಲ್ವರು ಹೆಂಗಸರು ಕೂತಿದ್ದರು. ನಡುವೆ ಆ ಪುಸ್ತಕ ಬಿಚ್ಚಿಕೊಂಡು ಆಪಾನ ಮಗಳು.

"ಬರ್ರಿ ಟೀಚರಮ್ಮ, ನೀವೇ ಹೇಳ್ರಿ" ಎಂದಳು ಆಪಾ. "ಈ ಅಕ್ಕಾರು ಪುಸ್ತಕ ತಂದು, ಅಂಥ ಹುಡುಗಿ ಇದರಾಗಿಲ್ಲ ಅಂತಾರ. ಈಕಿಗೆ ಓದು ಅಂದ್ರ, ಈಕೀನೂ ಬೆಂಗಳೂರು, ಡಾಕ್ಟರು, ವೀಣಿ ಅಂತ ಏನೇನೋ ಓದಾಕತ್ಯಾಳ."

ಹುಡುಗಿ ಸಾಲಿನ ಕೆಳಗೆ ಬೆರಳಿಟ್ಟುಕೊಂಡೇ ನನ್ನತ್ತ ನೋಡಿದಳು. ಅವಳ ಓದು ಸರಿಯಾಗಿತ್ತು. ನಿಜ ಹೇಳಲು ನನಗೆ ಒಂದು ಉಸಿರಿನಷ್ಟು ಹೊತ್ತು ಸಾಕಿತ್ತು. ನಾಲ್ವರು ಹೆಂಗಸರ ಮುಖ ನೋಡಿದೆ. ಬಾಯಿಂದ ಬಂದದ್ದೇ ಬೇರೆ.

"ಆಕಿಗಿನ್ನೂ ಒತ್ತಕ್ಷರ ಸರಿ ಬರಂಗಿಲ್ಲ ಆಪಾ. ಓದಾಕ ಬರದಲ್ಲಿ ತಾನೇ ಕಟ್ಟಿ ಹೇಳ್ತಾಳ."

ಆಪಾ ಮಗಳ ತಲೆಗೆ ಮೊಟಕಿದಳು. ಹೆಂಗಸರು ನಕ್ಕರು. ನಾನು ಅಷ್ಟಕ್ಕೇ ಬಿಡಲಿಲ್ಲ. ಪುಸ್ತಕ ಇಸಿದುಕೊಂಡು, ಹುಡುಗಿಗೆ ಕಾಣದಂತೆ ಎದೆಗೆ ಹತ್ತಿರ ಹಿಡಿದು, ಅದೇ ಪುಟವನ್ನು ಕೊಟ್ಟೂರು, ಕಸೂತಿ, ಮಲ್ಲಿಗೆ ತೋಟ ಎಂದು ನಿರರ್ಗಳವಾಗಿ ಓದಿದೆ. ಹೆಂಗಸರಿಗೆ ಸಮಾಧಾನವಾಯಿತು. ಅಲ್ಲಲ್ಲಿ ಪುಟ ತಿರುವಿ ನೋಡಿದ್ದವರು, ತಾವೇ ಸರಿಯಾಗಿ ಓದಿಲ್ಲವೇನೋ ಎಂದುಕೊಂಡು ಪುಸ್ತಕವನ್ನು ನನ್ನ ಕೈಯಲ್ಲೇ ಬಿಟ್ಟು ಎದ್ದು ಹೋದರು. ಹುಡುಗಿ ಪುಸ್ತಕವನ್ನು ನೋಡುತ್ತಿರಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಮರುದಿನ ತರಗತಿಯಲ್ಲಿ ಎಂದಿನಂತೆ ಪಾಠ ಓದಲು ಅವಳನ್ನೇ ಎಬ್ಬಿಸಿದೆ. ಎದ್ದು ನಿಂತಳು, ಓದಲಿಲ್ಲ.

"ಯಾಕ?"

"ನನಗ ಒತ್ತಕ್ಷರ ಬರಂಗಿಲ್ರಿ ಟೀಚರ್."

ಅದರಲ್ಲಿ ಕೊಂಕಿರಲಿಲ್ಲ. ನಾನು ಹೇಳಿದ್ದನ್ನೇ ನನಗೆ ಒಪ್ಪಿಸುತ್ತಿದ್ದಳು. ಕೂರಿಸಿ ಬೇರೊಬ್ಬಳನ್ನು ಎಬ್ಬಿಸಿದೆ. ಆ ವಾರ, ಮುಂದಿನ ವಾರವೂ ಹಾಗೇ ಆಯಿತು. ನನ್ನಮ್ಮನನ್ನು ನೋಡುವ ನೆಪ ಮಾಡಿ ಕೂಡ್ಲಿಗಿಗೆ ಹೋಗಿ ಬಂದೆ, ಅಲ್ಲೂ ನೆಮ್ಮದಿಯಿರಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಆಪಾ ಒಬ್ಬಳೇ ಇದ್ದಾಗ ಹೋಗಿ ಎಲ್ಲ ಹೇಳಿದೆ. ಪುಸ್ತಕದಲ್ಲಿ ಕೊಟ್ಟೂರೂ ಇಲ್ಲ, ಆ ಹುಡುಗಿಯೂ ಇಲ್ಲ, ನಾನೇ ಕಟ್ಟಿದ್ದು ಎಂದೆ. ಮಷೀನ್ ತುಳಿಯುತ್ತಿದ್ದ ಆಪಾನ ಕಾಲು ನಿಂತಿತು.

"ನಾನು ಓದಾಕ ಬರದಾಕಿ. ನನಗ ಸುಳ್ಳು ಹೇಳಿದ್ರಿ, ಹೋಗ್ಲಿ" ಎಂದಳು. "ಓದಾಕ ಬರೋ ಹುಡುಗಿಗೆ ಓದಾಕ ಬರಂಗಿಲ್ಲ ಅಂದ್ರಲ್ರಿ. ನಾ ಹೊಡದ್ನಲ್ರಿ ಆಕೀನ."

"ತಪ್ಪಾತು ಆಪಾ."

"ನನಗಲ್ಲ. ನಾಕು ಮಂದಿ ಎದುರಿಗೆ ಅಂದ್ರಿ, ಆ ನಾಕು ಮಂದಿ ಎದುರಿಗೇ ಆಕಿಗೆ ಹೇಳ್ರಿ."

ಆಗಲಿ ಎಂದೆ. ಆದರೆ ಮಾಡಿದ್ದು ಅರ್ಧ ಮಾತ್ರ. ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ಒಬ್ಬಳನ್ನೇ ನಿಲ್ಲಿಸಿಕೊಂಡು, ನಿನ್ನ ಓದು ಸರಿಯಿತ್ತು, ಸುಳ್ಳು ನನ್ನದು ಎಂದೆ.

"ನನಗ ಗೊತ್ತಿತ್ರಿ" ಎಂದಳು. "ಅಮ್ಮಿಗೆ ಆ ಕಥಿ ಭಾಳ ಸೇರಿತ್ತು. ಅದಕ್ಕ ಸುಮ್ನಾದ್ನಿ."

ಹತ್ತು ವರ್ಷದ ಹುಡುಗಿ. ಅವಳು ಪಾಟೀಚೀಲ ಹೆಗಲಿಗೆ ಹಾಕಿಕೊಂಡು ಹೋದ ಮೇಲೂ ನಾನು ಖಾಲಿ ತರಗತಿಯಲ್ಲಿ ಕೂತೇ ಇದ್ದೆ. ಮರುವಾರದಿಂದ ಪಾಠ ಓದತೊಡಗಿದಳು, ಮೊದಲಿಗಿಂತ ಸಣ್ಣ ದನಿಯಲ್ಲಿ.

ಆ ನಾಲ್ವರು ಹೆಂಗಸರಿಗೆ ಮಾತ್ರ ಹೇಳಲಿಲ್ಲ. ಇವತ್ತು, ನಾಳೆ ಎನ್ನುತ್ತ ತಿಂಗಳು ಕಳೆದವು. ಆಪಾ ಮತ್ತೆ ಕೇಳಲಿಲ್ಲ. ನನ್ನ ಜಂಪರ್ ಮೊದಲಿನಂತೆಯೇ ಹೊಲಿದುಕೊಟ್ಟಳು, ರಂಜಾನ್ ಹಬ್ಬಕ್ಕೆ ಶಾವಿಗೆಯ ಸುರಕುಂಬಾ ಕಳಿಸಿದಳು. ಒಂದು ಭಾನುವಾರ ನಾನೇ ಧೈರ್ಯ ಮಾಡಿ, "ಓದ್ಲೇನು ಆಪಾ?" ಎಂದರೆ, "ಮಷೀನ್ ಸಪ್ಪಳ ಭಾಳ ಆಗತೈತ್ರಿ, ಕೇಳಂಗಿಲ್ಲ" ಎಂದು ತಲೆ ತಗ್ಗಿಸಿ ಹೊಲಿಯತೊಡಗಿದಳು.

ಮುಂದಿನ ಭಾನುವಾರಗಳಲ್ಲಿ ಗೋಡೆಯ ಆಚೆಯಿಂದ ಮಗಳ ಓದು ಕೇಳತೊಡಗಿತು. ನಡುನಡುವೆ ಆಪಾ ಕೇಳುತ್ತಿದ್ದಳು: "ಪುಸ್ತಕದಾಗ ಬರೆದಿದ್ದೇ ಓದಾಕತ್ತೀಯಲ್ಲ?"

"ಹೂಂ ಅಮ್ಮಿ, ಬರೆದಿದ್ದೇ."

ಮರುವರ್ಷ ನನಗೆ ಹರಪನಹಳ್ಳಿಗೆ ವರ್ಗವಾಯಿತು. ಸಾಮಾನನ್ನು ಗಾಡಿಗೆ ಹೇರುತ್ತಿದ್ದಾಗ ಆ ನಾಲ್ವರಲ್ಲಿ ಒಬ್ಬಳು ಬೀಳ್ಕೊಡಲು ಬಂದಳು. ಆಪಾ ಮತ್ತು ಮಗಳು ಬಾಗಿಲಲ್ಲಿ ನಿಂತಿದ್ದರು.

"ಟೀಚರಮ್ಮ, ಆ ಕೊಟ್ಟೂರು ಹುಡುಗಿ ಪುಸ್ತಕ ಇತ್ತಲ್ರಿ, ಅದರ ಮುಂದಿನ ಭಾಗ ಬಂದೈತೇನು?" ಎಂದು ಕೇಳಿದಳು.

ಹೇಳಲು ಸಿಕ್ಕ ಕೊನೆಯ ಅವಕಾಶ ಅದು. ಆ ನಾಲ್ವರಲ್ಲಿ ಒಬ್ಬಳು, ಆಪಾ, ಹುಡುಗಿ, ಮೂವರೂ ಎದುರಿಗೇ ಇದ್ದರು.

"ಇನ್ನಾ ಬಂದಿಲ್ರಿ" ಎಂದು ಗಾಡಿ ಹತ್ತಿದೆ.