ಹಲ್ಲಿಗೆ ಸಿಗದ ತೇವ

ಸಕ್ಕರೆಯಿಂದ ಪ್ಲಾಸ್ಟಿಕ್ ಮಾಡುತ್ತಾರೆಂದಾಗ ಮೊದಲು ನಾನೂ ನಕ್ಕಿದ್ದೆ. ಕಬ್ಬಿನ ಸಕ್ಕರೆಯನ್ನು ಹುಳಿಸಿದರೆ, ಮೊಸರನ್ನು ಹುಳಿಯಾಗಿಸುವ ಆಮ್ಲವೇ ಸಿಗುತ್ತದೆ. ಅದರ ಕಣಗಳನ್ನು ಸರಪಳಿಯಂತೆ ಕೂಡಿಸಿದರೆ ಪ್ಲಾಸ್ಟಿಕ್. ಆ ಪ್ಲಾಸ್ಟಿಕ್ಕಿನ ಕಾಳುಗಳನ್ನು ಚೀಲದಲ್ಲಿ ತರಿಸಿ, ಮಾಲೂರಿನ ಬಾಡಿಗೆ ಶೆಡ್ಡಿನಲ್ಲಿ ಕರಗಿಸಿ, ಮಾವಿನಹಣ್ಣು ತುಂಬುವ ಟ್ರೇಗಳನ್ನು ಅಚ್ಚು ಹಾಕುವ ಕೆಲಸ ನನ್ನದು.

ಶ್ರೀನಿವಾಸಪುರ ಮಂಡಿಯ ಸಾಹುಕಾರರೊಬ್ಬರು ಒಂದು ಲೋಡ್ ತಂದು ತೋರಿಸಿ ಎಂದಿದ್ದರು. ಅವರು ಕೊಂಡದ್ದನ್ನೇ ಮಂಡಿಯ ಉಳಿದವರೂ ಕೊಳ್ಳುವುದು. ಅವರು ಬೇಡವೆಂದರೆ ನನ್ನ ಶೆಡ್ಡಿಗೆ ಬೀಗವೇ.

ಕಾಳನ್ನು ಅಚ್ಚಿಗೆ ಹಾಕುವ ಮೊದಲು ಬಿಸಿಗಾಳಿಯ ಡ್ರೈಯರಿನಲ್ಲಿ ಒಣಗಿಸಲೇಬೇಕು ಎಂದು ಮಾರಿದವನು ಹೇಳಿದ್ದ. ಡ್ರೈಯರ್ ಕೆಟ್ಟು ಕೂತಿತ್ತು. ರಿಪೇರಿಯವನು ನಾಳೆ, ನಾಳೆ ಎನ್ನುತ್ತಿದ್ದ. ರಾಗಿ, ಅವರೆ ಒಣಗಿಸಿ ಪಳಗಿದ ಕೈ ನನ್ನದು. ಟಾರ್ಪಾಲು ಹಾಸಿ ಕಾಳನ್ನು ಬಿಸಿಲಿಗೆ ಹರವಿದೆ. ಸಂಜೆ ಒಂದು ಕಾಳನ್ನು ಹಲ್ಲಲ್ಲಿ ಕಚ್ಚಿದೆ. ಕಟ್ ಎಂದಿತು. ಒಣಗಿದೆ ಎಂದುಕೊಂಡು ಬಾಚಿ ಮಷಿನ್ನಿಗೆ ಸುರಿದೆ.

ಮರುದಿನ ಬೆಳಿಗ್ಗೆ ಟ್ರೇಗಳೆಲ್ಲ ಟೆಂಪೋ ಏರಿದ್ದವು. ನರಸಾಪುರದ ಪ್ಲಾಸ್ಟಿಕ್ ಕಂಪನಿಯಲ್ಲಿರುವ ನನ್ನ ಮೈದುನ ಶಿಫ್ಟ್ ಮುಗಿಸಿ ಬಂದವನು ಒಂದು ಟ್ರೇಯ ಅಂಚು ಒತ್ತಿದ. ಹಪ್ಪಳದಂತೆ ಮುರಿಯಿತು.

"ಎಲ್ಲಿ ಒಣಗ್ಸಿದ್ರಿ ಅತ್ತಿಗೆ?"

"ಬಿಸ್ಲಲ್ಲಿ. ಕಚ್ಚಿ ನೋಡ್ದೆ ಕಣೋ."

"ಕಚ್ಚಿ ನೋಡಕ್ಕೆ ಅದೇನ್ ಅವರೆಕಾಳಾ? ಹಸಿ ಇದ್ರೂ ಕಲ್ಲೇ ಅದು. ಒಳಗೆ ಚೂರೇ ಚೂರು ನೀರಿದ್ರೂ ಕಾಯ್ಸಿದಾಗ ಸರಪಳಿ ತುಂಡ್ ತುಂಡಾಗೋಗುತ್ತೆ."

ಆದರೂ ಹೊರಟೆ. ಇನ್ನೊಂದು ಟ್ರೇ ಒತ್ತಿದಾಗ ಅದು ತಡೆದಿತ್ತು. ಎಲ್ಲವೂ ಕೆಟ್ಟಿರಲಾರವು ಎಂದು ಕೋಲಾರ ದಾಟುವವರೆಗೂ ನನಗೆ ನಾನೇ ಹೇಳಿಕೊಂಡೆ.

ಮಂಡಿಯಲ್ಲಿ ಸಾಹುಕಾರರು ಟ್ರೇ ಮುಟ್ಟಲೂ ಇಲ್ಲ. ನಾನು ಹೇಳಿದ ರೇಟಿಗೆ ಚೌಕಾಸಿಯಿಲ್ಲದೆ ತಲೆಯಾಡಿಸಿ, "ತುಂಬ್ರೋ, ಲಾರಿ ಹೊರಡ್ಲಿ" ಎಂದರು. ಜೀವಮಾನದಲ್ಲಿ ಅಷ್ಟು ಸಲೀಸಾಗಿ ನನಗೆ ವ್ಯಾಪಾರ ಕುದುರಿರಲಿಲ್ಲ. ದಾರಿಯಲ್ಲಿ ತಳದ ಟ್ರೇ ಮುರಿದರೆ ಮೇಲಿನ ಹಣ್ಣೆಲ್ಲ ಜಜ್ಜಿಹೋಗುತ್ತದೆ. ಆಮೇಲೆ ಈ ಮಂಡಿಗೆ ಯಾವ ಮುಖ ಹೊತ್ತು ಬರುವುದು? ಹಮಾಲಿಯ ಕೈಯಿಂದ ಟ್ರೇ ಕಿತ್ತುಕೊಂಡು, ಸಾಹುಕಾರರ ಮುಂದೆಯೇ ಮೊಣಕಾಲಿಗೆ ಒತ್ತಿ ಮುರಿದೆ.

"ಏಮಕ್ಕಾ, ಮಾರಕ್ ಬಂದ್ರಾ, ಮುರಿಯಕ್ ಬಂದ್ರಾ?"

ನಡೆದದ್ದನ್ನೆಲ್ಲ ಹೇಳಿದೆ.

"ಅಕ್ಕನ್ ಹಲ್ಲು ಗಟ್ಟಿ ಐತೆ ಬಿಡಿ, ಟ್ರೇನೇ ವೀಕು" ಎಂದ ಹಮಾಲಿ. ಹಣ್ಣು ಹಳೇ ಕ್ರೇಟುಗಳಿಗೇ ಹೋಯಿತು.

"ವಾರ ಬಿಟ್ಟು ಒಂದ್ ತಗೊಂಬನ್ನಿ" ಎಂದರು ಸಾಹುಕಾರರು. "ನಾನ್ ಮೇಲೆ ಕೂತ್ಕೋತೀನಿ. ತಡುದ್ರೆ ನೋಡಣ." ಅವರದು ಸಣ್ಣ ಮೈಯಲ್ಲ.

ವ್ಯಾಪಾರಕ್ಕಿಳಿಯುವವರಿಗೆ ನನ್ನದೊಂದು ಮಾತು: ಹೊಸ ಸರಕು ಹಿಡಿದರೆ ಅದನ್ನು ಪರೀಕ್ಷಿಸುವುದನ್ನೂ ಹೊಸದಾಗಿ ಕಲಿಯಿರಿ. ಡ್ರೈಯರ್ ರಿಪೇರಿಯಾದ ಮೇಲೆ ಮೈದುನನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಗಂಟೆ ನೋಡಿ ಒಣಗಿಸಿ, ಒಂದೇ ಒಂದು ಟ್ರೇ ಹಿಡಿದು ಹೋದೆ.

ಸಾಹುಕಾರರು ಅದನ್ನು ಬೋರಲು ಹಾಕಿ, ಪಂಚೆ ಎತ್ತಿ ಕಟ್ಟಿ, ನಿಧಾನವಾಗಿ ಕೂತರು. ಟ್ರೇ ಕಿರ್ ಎಂದಿತು. ನಾನು ಬಗ್ಗಿ ಅಂಚು ನೋಡಿದೆ, ಬಿರುಕಿಲ್ಲ. ಅವರು ಅಲ್ಲೇ ಕೂತು ಟೀ ತರಿಸಿದರು, ಆರಿಸಿ ಆರಿಸಿ ಪೂರ್ತಿ ಕುಡಿದರು. ಆಮೇಲೆ ಎದ್ದು, ಟ್ರೇ ಎತ್ತಿ, ಒಳಹೊರಗೆ ಬೆರಳಾಡಿಸಿದರು.

"ಅವತ್ತು ಲಾರಿ ಹೊರಡೋ ಆತುರ, ಚೌಕಾಸಿ ಮಾಡ್ಲಿಲ್ಲ. ಈಗ ರೇಟ್ ಮಾತಾಡಣ. ಅವತ್ತಿನ್ ರೇಟು ಮರ್ತ್‌ಬಿಡಿ."