ನೆಗಡಿಗೆ ಬರೆದ ಕ್ಯಾಪ್ಸೂಲ್

ಮೊದಲು ಬಂದದ್ದು ಬರೀ ನೆಗಡಿ. ಗಂಟಲು ಕೆರೆತ, ಮೈ ಸ್ವಲ್ಪ ಬಿಸಿ. ಮಗಳಿಗೆ ಇನ್ನೂ ಎದೆಹಾಲು ಕುಡಿಸುತ್ತಿದ್ದೆ. ಅವಳಿಗೂ ತಗುಲೀತೆಂಬ ಭಯಕ್ಕೆ ನಮ್ಮೂರು ಹೆಮ್ಮಿಗೆಯಿಂದ ಬಸ್ಸು ಹತ್ತಿ ಟಿ. ನರಸೀಪುರದ ಒಬ್ಬ ಡಾಕ್ಟರ ಬಳಿ ಹೋದೆ. ಬೆಂಚು ಸಾಲದಷ್ಟು ಜನ.

ಬಾಯಿ ತೆರೆಸಲಿಲ್ಲ. ಸ್ಟೆತಾಸ್ಕೋಪ್ ಕೊರಳಿನಿಂದ ಇಳಿಯಲಿಲ್ಲ. "ನೆಗಡಿ ಸಾ" ಎನ್ನುವಷ್ಟರಲ್ಲಿ ಚೀಟಿ ನನ್ನ ಕೈಯಲ್ಲಿತ್ತು. ನನಗಿಂತ ಮುಂಚೆ ಹೋದ ಮುದುಕನ ಕೆಮ್ಮಿಗೂ, ಸೊಂಟ ಹಿಡಿದುಕೊಂಡು ಬಂದ ಹೆಂಗಸಿಗೂ ಅದೇ ಆ್ಯಂಟಿಬಯಾಟಿಕ್ ಬರೆದಿದ್ದರೆಂದು ಮೆಡಿಕಲ್ ಸ್ಟೋರಿನಲ್ಲಿ ಗೊತ್ತಾಯಿತು. ಪಾಪ, ರೋಗಗಳು ಬೇರೆ ಬೇರೆಯಾಗಿ ಬರುವ ಶ್ರಮವನ್ನೇ ತೆಗೆದುಕೊಳ್ಳಬೇಕಿರಲಿಲ್ಲ.

ನೆಗಡಿ ಹೋಗಲಿಲ್ಲ. ಮತ್ತೆ ಹೋದಾಗ ಇನ್ನೂ "ಸ್ಟ್ರಾಂಗ್" ಆದದ್ದನ್ನು ಬರೆದರು. ಹೊಟ್ಟೆ ಕೆಟ್ಟಿತು. ಹೊಟ್ಟೆ ಕೆಟ್ಟದ್ದಕ್ಕೆ ಮತ್ತೊಂದು ಬರೆದರು.

ಮಲದಲ್ಲಿ ರಕ್ತ ಬಂತು.

ಮೈಯ ನೀರೆಲ್ಲ ಹೋಗಿ ಹಾಲು ಬತ್ತಿತು. ಮಗು ಚೀಪಿ ಚೀಪಿ, ಏನೂ ಸಿಗದೆ, ನನ್ನ ಮುಖ ನೋಡಿ ಅಳುತ್ತಿತ್ತು. ಅತ್ತೆ ಅದನ್ನು ಎತ್ತಿಕೊಂಡು ನನ್ನ ಗಂಡನಿಗೆ ಹೇಳಿದರು: "ಈ ಡಾಕ್ಟ್ರು ಸವಾಸ ಸಾಕು ಕಣ್ಲಾ. ಮೈಸೂರ್ಗೆ ಕರ್ಕೊಂಡೋಗು. ಇಲ್ದಿದ್ರೆ ಇವ್ಳು ಉಳಿಯಾಕಿಲ್ಲ."

ಗಂಡ ಎಸ್‌ಟಿಡಿ ಬೂತಿಗೆ ಓಡಿ ಕಾರು ಕರೆಸಿದರು.

ಮೈಸೂರಿನ ಲೇಡಿ ಡಾಕ್ಟರು ಮಾತ್ರೆಯ ಸ್ಟ್ರಿಪ್‌ಗಳನ್ನು ಹಾಸಿಗೆಯ ಮೇಲೆ ಹರಡಿದರು. "ಇಷ್ಟೆಲ್ಲಾ ಯಾವುದಕ್ಕಮ್ಮ?"

"ನೆಗಡಿಗೆ."

ಅವರು ಸ್ಟ್ರಿಪ್‌ಗಳನ್ನು ಒಂದೊಂದಾಗಿ ತಿರುಗಿಸಿ ಹೆಸರು ಓದಿದರು. ಆಮೇಲೆ, "ನೆಗಡಿ ಬರೋದು ವೈರಸ್ಸಿಂದ. ಇವು ಅದನ್ನ ಮುಟ್ಟೋದೂ ಇಲ್ಲ. ನಿಮ್ಮ ಕರುಳಿಗೆ ಬೇಕಾದ ಬ್ಯಾಕ್ಟೀರಿಯಾನ ಕೊಂದಿವೆ, ಅಷ್ಟೇ. ಮೊದಲು ಇವನ್ನ ನಿಲ್ಲಿಸೋಣ" ಎಂದರು. ಡ್ರಿಪ್ ಹಾಕಿಸಿದರು. ಕರುಳಿನ ಊತ ಇಳಿಯಲು ವಾರಗಳೇ ಹಿಡಿದವು.

ಕಾಲಲ್ಲಿ ಬಲ ಬಂದ ಮೇಲೆ ನರಸೀಪುರದ ಕ್ಲಿನಿಕ್ಕಿಗೆ ಹೋಗಿ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಡಾಕ್ಟರು ನಕ್ಕರು.

"ಸ್ಟ್ರಾಂಗಾಗಿ ಕೊಡದಿದ್ರೆ ಜನ ಬೇರೆ ಡಾಕ್ಟ್ರ ಹತ್ರ ಹೋಗ್ತಾರಮ್ಮ. ನಾನೇನ್ ಮಾಡ್ಲಿ?"

"ಜನ ಕೇಳಿದ್ದು ಕೊಡಕ್ಕೆ ಒಂದು ಅಂಗಡಿ ಇಟ್ಟಿದ್ರೆ ಸಾಕಾಗಿತ್ತಲ್ಲ ಸಾ. ಅಷ್ಟೊಂದು ಓದಿದ್ಯಾಕೆ?"

ಅವರು ನನ್ನ ತಲೆಯ ಮೇಲಿಂದ ಬಾಗಿಲ ಕಡೆ ನೋಡಿ "ನೆಕ್ಸ್ಟ್" ಎಂದರು. ಮುಂದಿನವರು ಒಳಗೆ ಬಂದರು. ಬರದೆ ಏನು.

ಹಾಲು ಮತ್ತೆ ಬರಲಿಲ್ಲ. ಮಗಳು ಹಸುವಿನ ಹಾಲಿಗೆ, ರಾಗಿ ಸರಿಗೆ ಹೊಂದಿಕೊಂಡಿದ್ದಾಳೆ. ತಾಯಿ, ಮಗು ಇಬ್ಬರೂ ಉಳಿದಿರಲ್ಲ, ಅದೇ ದೊಡ್ಡದು ಎನ್ನುತ್ತಾರೆ ಅತ್ತೆ. ನಿಜ, ದೊಡ್ಡದೇ. ನಿದ್ದೆಗಣ್ಣಿನಲ್ಲಿ ಮಗಳು ಈಗಲೂ ನನ್ನ ಸೆರಗು ತಡಕುತ್ತಾಳೆ. ನಾನು ಲೋಟ ಹಿಡಿಯುತ್ತೇನೆ. ಸ್ವಲ್ಪ ಮುನಿಸಿಕೊಂಡು, ಆಮೇಲೆ ಕುಡಿಯುತ್ತಾಳೆ.