ರಾಮಲಕ್ಷ್ಮಮ್ಮ ಕುಡಿದ ನೀರು

ಬೈರಕೂರಿನ ಸುವಾರ್ತಮ್ಮ ಕೋಲಾರದ ಮಿಷನ್ ಶಾಲೆಯಲ್ಲಿ ಒಂದಷ್ಟು ಓದಿದ್ದಳು. ಗಂಡ ತೀರಿಕೊಂಡ ಮೇಲೆ ಊರಿಗೆ ಮರಳಿ, ಹೊರಕೇರಿಯ ಹುಲ್ಲು ಹೊದಿಸಿದ ಪ್ರಾರ್ಥನೆ ಮನೆಯಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಕೇರಿಯವರು ಯೇಸುವನ್ನು ನಂಬಿ ಒಂದು ತಲೆಮಾರು ಕಳೆದಿದ್ದರೂ ಊರಬಾವಿಗೆ ಅವರ ಕೊಡ ಇಳಿಯುವಂತಿರಲಿಲ್ಲ.

೧೯೩೬ರ ಬೇಸಿಗೆಯ ಒಂದು ಭಾನುವಾರ ಅವಳು, ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಪರನಾಡಿನವನೊಬ್ಬ ಎತ್ತಿ ಬದುಕಿಸಿದ ಕಥೆ ಹೇಳಿದಳು. ಬಿದ್ದವರು ಯಾವ ಜನ ಎಂದು ಕೇಳಬೇಡಿ, ಮೊದಲು ಎತ್ತಿ ಎಂದೂ ಹೇಳಿದಳು.

ಅದೇ ವಾರ ಪಟೇಲ ದೊಡ್ಡವೆಂಕಟಪ್ಪನ ತಾಯಿ ರಾಮಲಕ್ಷ್ಮಮ್ಮ ಮಾವಿನ ತೋಪಿನಿಂದ ಬರುವಾಗ ಬಿಸಿಲಿಗೆ ತಲೆ ಸುತ್ತಿ ಬಿದ್ದಳು. ಸೌದೆಗೆ ಹೋಗಿದ್ದ, ಸುವಾರ್ತಮ್ಮನ ಪಾಠಕ್ಕೆ ಬರುವ ಕೇರಿಯ ಹುಡುಗಿ ಅಂಜಮ್ಮ ಮುದುಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಸೋರೆಬುರುಡೆಯ ನೀರು ಕುಡಿಸಿದಳು. ರಾಮಲಕ್ಷ್ಮಮ್ಮ ಕಣ್ಣು ಬಿಟ್ಟಳು. ಹುಡುಗಿ ಯಾರೆಂದು ಗುರುತು ಹತ್ತಿದೊಡನೆ ಅಳತೊಡಗಿದಳು.

ಪಟೇಲರ ಮನೆಯಲ್ಲಿ ಶುದ್ಧಿಯಾಯಿತು. ಆದರೂ ಮುದುಕಿ ಎರಡು ದಿನ ಅನ್ನ ಮುಟ್ಟಲಿಲ್ಲ. ಅಂಜಮ್ಮನ ಅಪ್ಪನನ್ನು ಕರೆಸಿ ಬೈದು ಕಳಿಸಿದರು. ಅಪ್ಪ ಮನೆಗೆ ಬಂದು ಮಗಳಿಗೆ ಹೊಡೆದ.

ಮುಂದಿನ ಭಾನುವಾರ ಅಂಜಮ್ಮ ಕೇಳಿದಳು: "ಟೀಚರಮ್ಮ, ಆ ಅಜ್ಜಿ ಇನ್ನೊಂದ್ಸಲ ಬಿದ್ರೆ ನೀರು ಕೊಡ್ಬೇಕಾ, ಬ್ಯಾಡ್ವಾ?"

ಮುಂದಿನ ವಾರ ಹೇಳುತ್ತೇನೆ ಎಂದು ಸುವಾರ್ತಮ್ಮ ಮಕ್ಕಳನ್ನು ಕಳಿಸಿದಳು. ಕೊಡು ಎಂದರೆ ಮಗುವಿಗೆ ಏಟು, ಮುದುಕಿಗೆ ಉಪವಾಸ. ಬೇಡ ಎಂದರೆ ತಾನು ಹೇಳಿದ ಪಾಠವೆಲ್ಲ ಸುಳ್ಳು. ಕೋಲಾರದಿಂದ ಬಂದ ಪಾದ್ರಿಯವರನ್ನು ಕೇಳಿದಳು. ಹುಡುಗಿ ಧನ್ಯಳು ಎಂದು ಹೊಗಳಿ ಅವರು ಗಾಡಿ ಹತ್ತಿದರು. ಹೊಗಳಿಕೆ ಉತ್ತರವಾಗಲಿಲ್ಲ.

ಕಡೆಗೆ ಧೈರ್ಯ ಮಾಡಿ ಪಟೇಲರ ಹಿತ್ತಲ ಬೇಲಿಯಾಚೆ ಹೋಗಿ ನಿಂತಳು. ರಾಮಲಕ್ಷ್ಮಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮಕ್ಕಳಿಗೆ ಏನು ಹೇಳಲಿ ಎಂದು ಸುವಾರ್ತಮ್ಮ ಕೇಳಿದಳು.

ಮುದುಕಿ ಬೀಜ ಬಿಡಿಸುತ್ತಲೇ, "ಕೂಗಿ ನಮ್ಮೋರನ್ನ ಕರೀಲಿ," ಎಂದಳು. ಆಮೇಲೆ ದನಿ ತಗ್ಗಿಸಿ, "ಯಾರೂ ಬರ್ದಿದ್ರೆ ಕೊಡ್ಲಿ. ಆದ್ರೆ ಯಾರು ಕೊಟ್ರು ಅಂತ ನಂಗೆ ತಿಳೀಬಾರ್ದು ಕಣಮ್ಮ. ತಿಳಿದ್ರೆ ನಾನು ಬದುಕೋದ್ಹೆಂಗೆ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಸುವಾರ್ತಮ್ಮನನ್ನು ಇನ್ನಷ್ಟು ಗೊಂದಲಕ್ಕೆ ತಳ್ಳಿತು. ಬೈದಿದ್ದರೆ ದಾರಿ ಸುಲಭವಾಗುತ್ತಿತ್ತು.

ಭಾನುವಾರ ಅವಳು ಮುದುಕಿ ಹೇಳಿದ್ದನ್ನೇ ಮಕ್ಕಳಿಗೆ ಹೇಳಿದಳು. ಮೊದಲು ಕೂಗಿ, ಯಾರೂ ಬರದಿದ್ದರೆ ಕೊಡಿ, ಕೊಟ್ಟು ಸುಮ್ಮನೆ ಬಂದುಬಿಡಿ.

"ಒಳ್ಳೇದು ಮಾಡಿ ಕಳ್ಳರ ಥರ ಓಡ್ಬರ್ಬೇಕಾ?" ಎಂದಳು ಅಂಜಮ್ಮ.

"ಗೊತ್ತಿಲ್ಲ ಕಣೇ," ಎಂದಳು ಸುವಾರ್ತಮ್ಮ. ಪಾಠ ಹೇಳಲು ಕುಳಿತ ಮೇಲೆ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಮಕ್ಕಳು ತಮ್ಮತಮ್ಮಲ್ಲೇ ವಾದಕ್ಕಿಳಿದರು. ಅವಳು ತಡೆಯಲಿಲ್ಲ, ಕೇಳುತ್ತ ಕುಳಿತಳು.